ಒತ್ತು

ಹಳೆಯದು ಸಾಯುವ ಮೊದಲು ತಿಂಗಳುಗಟ್ಟಲೆ ತೊದಲಿತು.
'ಲಕ್ಷ್ಮೀ' ಎಂದು ಟೈಪು ಮಾಡಿದರೆ
ಲ ಬಂದು ನಿಲ್ಲುತ್ತಿತ್ತು, ಕ ಬಂದು ನಿಲ್ಲುತ್ತಿತ್ತು,
ಷ ಇಳಿದು, ಮ ಅದರ ಕಾಲಡಿ ಕೂರುವಷ್ಟರಲ್ಲಿ
ನನ್ನ ಚಹಾ ಕೆನೆ ಕಟ್ಟುತ್ತಿತ್ತು.
ಡೊಂಬಿವಲಿ ಪೂರ್ವದ ಒಂದೂವರೆ ಕೋಣೆಯಲ್ಲಿ
ಇಪ್ಪತ್ತೆಂಟು ವರ್ಷದಿಂದ ಲಗ್ನಪತ್ರಿಕೆ ಜೋಡಿಸುವವಳು ನಾನು;
ಮುಹೂರ್ತ ಕಾಯುವುದಿಲ್ಲ.

"ರೆಡಿಮೇಡ್ ತಗೋ," ಅಂದರು ಇವರು,
"ಒಂದಽ ಡಬ್ಬಿ, ಒಂದಽ ಬಿಲ್ಲು, ಕೆಟ್ಟರ ಒಂದಽ ನಂಬರಿಗೆ ಫೋನು.
ಸುಮ್ಮ ತಲಿಬ್ಯಾನಿ ಯಾಕ?"
ಮಾತು ತಪ್ಪಲ್ಲ. ಕಲ್ಯಾಣದ ಮಾಲಿಗೆ ಹೋಗಿ ನೋಡಿಯೂ ಬಂದೆ.
ತಣ್ಣನೆ ಗಾಳಿ, ಟೈ ಕಟ್ಟಿದ ಹುಡುಗ.
ಒಳಗೇನಿದೆಯಪ್ಪಾ ಎಂದರೆ "ಎಲ್ಲ ಇದೆ ಮ್ಯಾಡಮ್" ಎಂದ.
ಎಲ್ಲ ಇದೆ ಎಂದು ಬಂದ ಗಂಡುಗಳು
ಎರಡನೇ ಪ್ರೂಫಿನ ಹೊತ್ತಿಗೇ ರದ್ದಾದದ್ದನ್ನು
ನಾನು ಕಂಡಿದ್ದೇನೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದವರು
ಲ್ಯಾಮಿಂಗ್ಟನ್ ರೋಡು ನೋಡಿರಲಿಕ್ಕಿಲ್ಲ.
ಪಕ್ಕದ ಮನೆಯ ಓವಿ, ಹನ್ನೆರಡನೇ ಇಯತ್ತೆಯ ಹುಡುಗಿ,
ಹೋದ ವರ್ಷ ತನ್ನದನ್ನು ತಾನೇ ಕಟ್ಟಿಕೊಂಡವಳು,
ನನ್ನ ಮೊಣಕೈ ಹಿಡಿದು ಅಂಗಡಿ ಅಂಗಡಿ ನುಗ್ಗಿಸಿದಳು.
ಮದರ್‌ಬೋರ್ಡು ಒಂದು ಕಡೆ, ಪ್ರೊಸೆಸರ್ ಎದುರುಗಡೆ,
ಪವರ್ ಸಪ್ಲೈ ಮಾತ್ರ ಮರದ ಮೆಟ್ಟಿಲು ಹತ್ತಿ
ಛೇಡಾ ಸೇಠರ ಬಳಿ. ಅವರು ಅದನ್ನು ಅಂಗೈಯಲ್ಲಿ ತೂಗಿ,
ಕಲ್ಲಂಗಡಿ ಆರಿಸುವವರ ಹಾಗೆ ಕಣ್ಣು ಮುಚ್ಚಿ,
"ಭಾರ ಇರಬೇಕು, ಹಗುರಾದದ್ದು ಮನೆ ಸುಡುತ್ತದೆ" ಎಂದರು.
ಆ ಬೀದಿಯಲ್ಲಿ ಹೆಂಗಸರು ನಾವಿಬ್ಬರೇ.
"ಗೇಮಿಂಗಿಗಾ?" ಎಂದ ಒಬ್ಬ, ನನ್ನನ್ನೇ ನೋಡಿ.
"ಮದುವೆಗೆ," ಎಂದೆ.

ದಾದರಿನಲ್ಲಿ ಗಾಡಿ ಬದಲಿಸಿ, ಲೇಡೀಸ್ ಡಬ್ಬಿಯಲ್ಲಿ
ನಾಲ್ಕನೇ ಸೀಟಿನ ಅರ್ಧ ಅಂಚು.
ತೊಡೆಯ ಮೇಲೆ ಕ್ಯಾಬಿನೆಟ್ಟು.
ಮೆಂತ್ಯ ಬಿಡಿಸುತ್ತಿದ್ದವಳು ಕೇಳಿದಳು, "ಕಾಯ್ ಆಹೇ ತ್ಯಾತ್?"
ಇನ್ನೂ ಏನೂ ಇಲ್ಲ, ಎಂದೆ.
ಅವಳು ಎರಡು ಬೆರಳಷ್ಟು ಸರಿದು ಕೂತಳು.

ನೆಲದ ಮೇಲೆ ಹಾಳಾದ ಪತ್ರಿಕೆಗಳನ್ನು ಹಾಸಿ,
ಬಳೆ ತೆಗೆದಿಟ್ಟು, ಸ್ಕ್ರೂಗಳನ್ನು ಕುಂಕುಮದ ಬಟ್ಟಲಿಗೆ ಸುರಿದು,
ರಾತ್ರಿ ಹನ್ನೊಂದರ ತನಕ.
ಗುಂಡಿ ಅದುಮಿದೆ.
ಫ್ಯಾನು ತಿರುಗಿತು. ಪರದೆ ಕಪ್ಪು.
ಇವರು ಪೇಪರಿನ ಹಿಂದಿನಿಂದ ಏನೂ ಅನ್ನಲಿಲ್ಲ;
ಪುಟ ತಿರುವಿದರು, ಜೋರಾಗಿ.

ಓವಿ ಟಾರ್ಚು ಹಿಡಿದು ಬಗ್ಗಿದಳು. ನಕ್ಕಳು.
"ಕಾಕೂ, ರ‍್ಯಾಮ್ ನೀಟ್ ಬಸಲೀಚ್ ನಾಹಿ. ದಾಬಾ."
ಮುರಿದೀತೆಂದು ಹೆದರಿ ಮೆತ್ತಗೆ ಇಟ್ಟಿದ್ದೆ,
ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸಿದ ಹಾಗೆ.
"ಜೋರಾತ್ ದಾಬಾ!"
ದಾಬಾ, ಅಂದರೆ ಒತ್ತು.
ಇಷ್ಟು ವರ್ಷ ಒತ್ತು ಹಾಕಿಯೇ ಅನ್ನ ಉಂಡವಳು,
ಒಂದು ಒತ್ತು ಬಿಟ್ಟುಹೋಗಿ ಬೀಗರ ಕಲ್ಲಪ್ಪ ಕಲಪ್ಪನಾದದ್ದಕ್ಕೆ
ಮುನ್ನೂರು ಪ್ರತಿ ಕೈಯಿಂದ ಕೊಟ್ಟು ಮತ್ತೆ ಅಚ್ಚು ಹಾಕಿಸಿದವಳು,
ಎರಡೂ ಹೆಬ್ಬೆರಳಿಟ್ಟು, ಉಸಿರು ಬಿಗಿಹಿಡಿದು—
ಟಕ್.
ಇನ್ನೊಂದು ತುದಿ.
ಟಕ್.

ಲೆಕ್ಕ ಹೇಳಿಬಿಡುತ್ತೇನೆ. ಉಳಿದದ್ದು ನಾಲ್ಕು ಸಾವಿರದ ಚಿಲ್ಲರೆ,
ಹೋದದ್ದು ಎರಡು ದಿನದ ಕೆಲಸ, ಒಂದು ಉಗುರು.
ಬಿಲ್ಲು ಐದು, ವಾರಂಟಿ ಐದು ಬಗೆ,
ಕೆಟ್ಟರೆ ಬೈಯಲು ಒಬ್ಬರೂ ಸಿಕ್ಕುವುದಿಲ್ಲ.
ಕೈ ಎಲ್ಲಿ ಇಡಬೇಕೆಂದು ಮಾತ್ರ ಗೊತ್ತು.

ಈಗ 'ಲಕ್ಷ್ಮೀ' ಅಂದರೆ ಬೆರಳೆತ್ತುವ ಮೊದಲೇ
ಷ, ಮ ಎರಡೂ ಇಳಿದು ಕೂತಿರುತ್ತವೆ.
ನಿನ್ನೆ ಇವರು ತಂಗಿಯ ಗಂಡನ ಮುಂದೆ
ಕ್ಯಾಬಿನೆಟ್ಟಿನ ತಲೆ ಸವರುತ್ತ,
"ರೆಡಿಮೇಡ್ ಅಲ್ಲಪಾ ಇದು, ನಾವಽ ಕೂಡಿಸಿದ್ದು" ಅಂದರು.
ಒಳಗೆ ಚಹಾ ಸೋಸುತ್ತಿದ್ದೆ.
'ನಾವು' ಎಂಬುದು ತಪ್ಪೆಂದು ಕಂಡಿತು. ತಿದ್ದಲಿಲ್ಲ.
ಅವರ ಲೋಟಕ್ಕೆ
ಸಕ್ಕರೆ ಒಂದು ಚಮಚ ಕಡಿಮೆ ಹಾಕಿದೆ.