ಒಳಮೈ

ಸಕಲೇಶಪುರದ ದಾರಿಯ ರೆಸಾರ್ಟಿಗೆ ಹನ್ನೆರಡು ಬೇಕಂತೆ,
ಆಫ್ರಿಕಾದ ಮುಖ.
ಮ್ಯಾನೇಜರು ಫೋನಿಗೆ ಚಿತ್ರ ಕಳಿಸಿದ.
'ಹಳೇದಾಗಿ ಕಾಣಬೇಕು ಆಚಾರ್ರೇ, ಒಂದು ನೂರು ವರ್ಷ ಸಾಕು.'

ಹಾಸನದ ಪೆನ್ಷನ್ ಮೊಹಲ್ಲಾದ ಈ ಮಳಿಗೆಯಲ್ಲಿ
ನೂರು ವರ್ಷಕ್ಕೆ ನನಗೆ ಒಂದು ವಾರ ಹಿಡಿಯುತ್ತದೆ.
ಬಾಗಿಲ ಕೆಲಸದಲ್ಲಿ ಉಳಿದ ಹಲಸಿನ ತುಂಡು,
ಟೀ ಚರಟ, ಬೂಟ್ ಪಾಲಿಶ್, ಸೈಕಲ್ ಚೈನಿನ ಏಟು,
ಹುಳ ತಿಂದ ತೂತಿಗೆ ಅರ್ಧ ಇಂಚಿನ ಮೊಳೆ.
ಹುಳ ಸಾಲು ಹಿಡಿದು ತಿನ್ನುವುದಿಲ್ಲ;
ಅದನ್ನು ಕಲಿಯಲು ಎರಡು ಮುಖ ಹಾಳಾದವು.

ಮೂಗು ಉದ್ದ. ಕಣ್ಣು ಬರೀ ಸೀಳು,
ಕಾಫಿ ಬೀಜದ ನಡುಗೆರೆ.
ಬಾಯಿ ಏನೋ ಹೇಳಲು ಹೊರಟು ತಡೆದದ್ದು.
ನನ್ನಪ್ಪ ಗುಡಿಗೆ ದ್ವಾರಪಾಲಕರನ್ನು ಕೆತ್ತಿದವನು,
ತಾಳಮಾನ ಮೀರಿ ಒಂದು ನೂಲೂ ಆಚೆ ಹೋದವನಲ್ಲ.
ಇಲ್ಲಿ ಹಣೆಯೇ ಅರ್ಧ ಮುಖ.
ಮೊದಲ ದಿನ ಉಳಿ ನಕ್ಕಿತು.
ಮೂರನೆಯ ದಿನ ನಗಲಿಲ್ಲ.
ಇದು ತಪ್ಪಲ್ಲ, ಬೇರೆಯೇ ಒಂದು ಲೆಕ್ಕ ಎಂದು
ಕೈಗೆ ತಿಳಿಯಿತು, ನನಗಿನ್ನೂ ತಿಳಿದಿರಲಿಲ್ಲ.

ಒಂಬತ್ತು ಮುಗಿಸಿ ಬಿಸಿಲಿಗೆ ಒರಗಿಸಿದ್ದೆ.
ಕಾಲು ಮುರಿದ ಸ್ಟೂಲು ಹೊತ್ತು ಬಂದ ಹುಡುಗ
ಕಾರೆಕೆರೆಯ ಕೃಷಿ ಕಾಲೇಜಿನವನು,
ಹೆಸರು ಇಸೂಫು ಸನೂ, ಬುರ್ಕಿನಾ ದೇಶ.
ಕನ್ನಡ ಇಷ್ಟೇ: ಊಟ, ಬಸ್ಸು, ಚಿಲ್ಲರೆ, 'ಸ್ವಲ್ಪ ಅಡ್ಜಸ್ಟ್'.
ಅವನ ಕಣ್ಣು ಗೋಡೆಗೆ ಹೋಯಿತು.
ನನಗೆ ಮೈಯೆಲ್ಲ ಬಿಸಿಯಾಯಿತು,
ಯಾರದೋ ಮನೆದೇವರನ್ನು ಸಂತೆಗಿಟ್ಟು
ಆ ಮನೆಯವನಿಗೇ ಬೆಲೆ ಹೇಳಿದ ಹಾಗೆ.

'ಯಾವ ಊರು?' ಅಂದ.
'ಆಫ್ರಿಕಾ' ಅಂದೆ.
ನಕ್ಕ. 'ಯಾವ ಊರು, ಅಣ್ಣ?'
ಮೂಗು ಒಂದು ದೇಶದ್ದಂತೆ, ಗದ್ದ ಮತ್ತೊಂದರದ್ದು,
ನಡುವೆ ನಾಲ್ಕು ದಿನದ ಬಸ್ಸಂತೆ.
ಹಳೇಬೀಡಿನ ಮೈಗೆ ತಂಜಾವೂರಿನ ತಲೆ ಕೂರಿಸಿದ್ದೆ ನಾನು.

ಆಮೇಲೆ ಅವನು ಮುಖ ನೋಡಲೇ ಇಲ್ಲ, ಮಗುಚಿದ.
ಹಿಂದೆ ಉಳಿಯ ಕಚ್ಚು, ಸಿಬಿರು,
ಪೆನ್ಸಿಲಿನಲ್ಲಿ ಬರೆದ ರೇಟು.
'ಒಳಗೆ ಯಾರೂ ಇಲ್ಲ' ಅಂದ.
ಉಳಿದದ್ದು ಅರ್ಧ ಕೈಸನ್ನೆ, ಅರ್ಧ ಫೋನು:
ಅಂಚಿಗೆ ತೂತಿಲ್ಲ, ನಾರಿನ ಉಡುಪು ಕಟ್ಟುವುದೆಲ್ಲಿ?
ಹಲ್ಲಲ್ಲಿ ಕಚ್ಚಿ ಹಿಡಿಯುವ ಹಗ್ಗ?
ಇದು ತೂಗುಹಾಕುವುದಲ್ಲ, ಕುಣಿಯುವುದು.
ಅವನ ತಾತ ಹಾಕುತ್ತಿದ್ದನೋ ಏನೋ,
ಮನೆಯಲ್ಲಿ ಹೇಳಿದ್ದಿಲ್ಲ, ಕೇಳಲೂಬಾರದು.
ಕುಣಿತದ ಮಾರನೆಯ ಬೆಳಗ್ಗೆ ಅಜ್ಜಿ
ತಾತನ ಗದ್ದದ ತರಚಿಗೆ ಎಣ್ಣೆ ಹಚ್ಚುತ್ತ
'ಎಲ್ಲಿ ಬಿದ್ದೆ?' ಎನ್ನುವಳಂತೆ, ಏನೂ ತಿಳಿಯದವಳು.

ಸ್ಟೂಲಿಗೆ ದುಡ್ಡು ತೆಗೆದುಕೊಳ್ಳಲಿಲ್ಲ ನಾನು.

ನಮ್ಮಲ್ಲೂ ಉಂಟಲ್ಲ, ಸೋಮ.
ಅರಸೀಕೆರೆ ಕಡೆಯ ಅಮ್ಮನ ಗುಡಿಯ ಕೆಂಪು ಸೋಮನಿಗೆ
ಒಡೆದ ಗದ್ದ ಕೂಡಿಸಿಕೊಟ್ಟಿದ್ದೆ ಒಮ್ಮೆ.
ಹೊರಗೆ ವರ್ಷ ವರ್ಷ ಹೊಸ ಬಣ್ಣ.
ಒಳಗೆ ಯಾರೂ ಬಳಿಯದ ಕಪ್ಪು,
ನಾಲ್ಕು ತಲೆಮಾರಿನ ಬೆವರು, ಎಂಜಲು, ಉಸಿರು
ತಿಕ್ಕಿ ತಿಕ್ಕಿ ತಂದ ನುಣುಪು,
ಯಾವ ಉಪ್ಪುಕಾಗದಕ್ಕೂ ಬಾರದ್ದು.
ಅದನ್ನು ಮೂಸಿ ನೋಡಿದ್ದೆ.
ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಒಂಬತ್ತನ್ನು ಹಾಗೇ ಕಳಿಸಿದೆ. ಮನೆ ಬಾಡಿಗೆ ಇತ್ತು.
ಹತ್ತು, ಹನ್ನೊಂದೂ ಹೋದವು.
ಹನ್ನೆರಡನೆಯದರ ಮುಂದುಗಡೆ ಬೇಗ ಬಿಟ್ಟೆ,
ಒಳಗೆ ಇಳಿದೆ.
ಮೂಗಿಗೆ ಜಾಗ, ಕೆನ್ನೆಯೆಲುಬಿಗೆ ಜಾಗ,
ಹುಬ್ಬಿಗೆ ಸುರುಳಿ ಉಳಿ, ಆಮೇಲೆ ಗಾಜಿನ ಚೂರು.
ಅಳತೆಗೆ ಸಿಕ್ಕ ಮುಖ ಒಂದೇ, ನನ್ನದು.

ಷಟರು ಅರ್ಧ ಎಳೆದು ಹಾಕಿಕೊಂಡೆ.
ಸೀಳಿನಲ್ಲಿ ಮಳಿಗೆ ತೆಳ್ಳಗೆ ಕಂಡಿತು:
ಅಂಟಿನ ಡಬ್ಬಿ, ಅಪ್ಪನ ಉಳಿಪೆಟ್ಟಿಗೆ,
ಬಸ್ಸಿನ ಬೆಳಕು ಹಾದ ನೆಲ.
ಬಿಟ್ಟ ಉಸಿರು ಹಲಸಿನ ವಾಸನೆ ಹಿಡಿದು
ನನ್ನ ಬಾಯಿಗೇ ಮರಳಿತು.
ಕುಣಿಯಲು ಬರುವುದಿಲ್ಲ ನನಗೆ. ನಿಂತಿದ್ದೆ.

'ಒಂದು ಕಡಿಮೆ ಇದೆ' ಅಂದ ಮ್ಯಾನೇಜರು.
ಅದರ ಮುಂಗಡ ವಾಪಸು ಕೊಟ್ಟೆ.

ರಾತ್ರಿ ಅನ್ನಕ್ಕೆ ಸಾರು ಬಿಡುತ್ತ ಹೆಂಡತಿ
ನನ್ನ ಗದ್ದ ಹಿಡಿದು ದೀಪದತ್ತ ತಿರುಗಿಸಿದಳು.
'ಉಳಿ ತಾಗಿತಾ?' ಅಂದಳು,
ಉತ್ತರಕ್ಕೆ ಕಾಯದೆ
ಎಣ್ಣೆ ತರಲು ಒಳಗೆ ಹೋದಳು.