ಎರಡು ಮೊಳ ಸಡಿಲ

ಫ್ಲೋರೆಸ್ ದ್ವೀಪ ಬಿಟ್ಟು ನಲವತ್ತು ಮೈಲಿ.
ಸದ್ದೇನೂ ದೊಡ್ಡದಲ್ಲ,
ಒಣಗಿದ ಕೊಡಲಿಕಾವು ಮುರಿದಷ್ಟೇ.
ಆಮೇಲೆ ಚುಕ್ಕಾಣಿಯ ಚಕ್ರ
ಇದಲೀನಾಳ ಕೈಯಲ್ಲಿ ಹಗುರಾಗಿ ತಿರುಗಿತು,
ಯಾರ ಮಾತನ್ನೂ ಯಾರಿಗೂ ಮುಟ್ಟಿಸದೆ.

ಜೆಫೆರೀನು ಹಿಂಬದಿಗೆ ಬಗ್ಗಿ ನೋಡಿದ.
ಹಲಗೆ ಇರಬೇಕಾದಲ್ಲಿ
ತುಂಡಾದ ಉಕ್ಕಿನ ಕಂಬಿ,
ಅದರ ಸುತ್ತ ತನ್ನ ಪಾಡಿಗೆ ಸುಳಿಯುವ ನೀರು.
ಒಳಗೆ, ಕಂಬಿಯ ತೂತಿನಲ್ಲಿ ಬುಳುಬುಳು.
ಉಣ್ಣೆಯಂಗಿ ಕಳಚಿ ತುರುಕಿದಳು ಅತ್ತೆ,
ಅಂಗಿಯ ಮೇಲೊಂದು ಹಲಗೆ,
ಹಲಗೆಯ ಮೇಲೆ, ಅಂಗಡಿಗೆ ಒಯ್ಯುತ್ತಿದ್ದ
ಎಂಟು ಕಿಲೋ ಚೀಸಿನ ಗಾಲಿ.

ದೋಣಿಯ ಹೆಸರು ಕಗಾರು.
ಆ ಹೆಸರಿನ ಕಡಲಹಕ್ಕಿ ಇರುಳಲ್ಲಿ ಕೂಗಿದರೆ
ಹಾಲಿಗೆ ಅಳುವ ಕೂಸು, ಗೊಣಗುವ ಮುದುಕ,
ಎರಡೂ ಒಂದೇ ಗಂಟಲಲ್ಲಿ.
ಈಗ ದೋಣಿಯೇ ಹಾಗೆ:
ಗಾಳಿಗೆ ಮೂತಿ ತಿರುವಿ ಪಟಪಟ ಬಡಿದುಕೊಳ್ಳುವುದು,
ಮತ್ತೆ ಮುನಿದು ಅಡ್ಡ ಬೀಳುವುದು.

ಮೊದಲು ಹುಟ್ಟು ಕಟ್ಟಿದರು.
ಹಾಯಿಯ ಗಳ, ಗಳದ ತುದಿಗೆ
ಮಲಗುವ ಕೋಣೆಯ ಬಾಗಿಲು,
ನಾಲ್ಕು ಬೋಲ್ಟು, ಹನ್ನೊಂದು ಸುತ್ತು ಹಗ್ಗ.
ನೋಡಲು ಭರ್ಜರಿ.
ಇಪ್ಪತ್ತು ನಿಮಿಷ ಬಾಳಿತು.
ಬಾಗಿಲು ತಟ್ಟದೆ ಬಂದ ಅಲೆಯೊಂದು
ಬಾಗಿಲನ್ನೇ ಒಯ್ದಿತು.

ಆಮೇಲೆ ಹಾಯಿಗಳ ಜೊತೆ ಪಂಚಾಯ್ತಿ.
ದೊಡ್ಡ ಹಾಯಿ ಮೂತಿಯನ್ನು ಗಾಳಿಯತ್ತ ಎಳೆಯುತ್ತದೆ,
ಮುಂದಿನ ಚಿಕ್ಕದು ಗಾಳಿಯಿಂದಾಚೆಗೆ.
ಎತ್ತು ಏರಿಗೆ, ಕೋಣ ನೀರಿಗೆ:
ಹೊಲದಲ್ಲಾದರೆ ಬೇಸಾಯ ಕೆಟ್ಟಂತೆಯೇ.
ಇಲ್ಲಿ ಆ ಜಗಳ ಸರಿಸಮ ಬಿದ್ದಷ್ಟು ಹೊತ್ತು
ದೋಣಿ ನೆಟ್ಟಗೆ ಹೋಗುತ್ತದೆ.
ದೊಡ್ಡದನ್ನು ಮಡಿಸಿ ಮಡಿಸಿ
ಟವೆಲಿನಷ್ಟು ಮಾಡಿದರು.
ನೆಟ್ಟಗೇ ಹೋಯಿತು.
ಬೇಕಾದ ಕಡೆಗಲ್ಲ.

ಕೊನೆಗೆ ಬಕೆಟ್ಟು.
ಮೀನು ತೊಳೆಯುವ ಕಪ್ಪು ಬಕೆಟ್ಟು,
ಮುಳುಗಲೆಂದು ಒಂದು ತುಂಡು ಸರಪಳಿ,
ಅರುವತ್ತು ಮೊಳ ಹಿಂದೆ, ನೀರನ್ನು ಜಗ್ಗುತ್ತ.
ಎಡಮೂಲೆಗೊಂದು ಹಗ್ಗ, ಬಲಮೂಲೆಗೊಂದು.
ಬಲಗಡೆ ಎಳೆದರೆ ಭಾರ ಬಲಕ್ಕೆ ಸರಿದು
ದೋಣಿ ಬಲಕ್ಕೆ ತಲೆ ಹಾಕುತ್ತದೆ,
ಒಲ್ಲದ ಮನಸ್ಸಿನಿಂದ,
ಕತ್ತೆ ಮನೆದಾರಿಗೆ ಒಪ್ಪಿದ ಹಾಗೆ.
ಓಟ ಅರ್ಧಕ್ಕರ್ಧ ಇಳಿಯಿತು.
ದಿಕ್ಕು ಬೇಕೋ ವೇಗ ಬೇಕೋ, ಎಂದಳು ಇದಲೀನಾ,
ಉತ್ತರಕ್ಕೆ ಕಾಯದೆ ಈರುಳ್ಳಿ ಹೆಚ್ಚತೊಡಗಿದಳು.

ಮರುದಿನ ಗೋಧಿ ಹಡಗೊಂದು ರೇಡಿಯೊದಲ್ಲಿ ಕೇಳಿತು,
ದೋಣಿ ಬಿಟ್ಟು ಮೇಲೆ ಹತ್ತುತ್ತೀರಾ?
ನೀರು ಒಳಗೆ ಬರುತ್ತಿಲ್ಲ, ಅಕ್ಕಿ ಇದೆ,
ಹಿಂದೆ ಬಕೆಟ್ಟಿದೆ, ಎಂದಳು.
ಆ ಕಡೆ ಬಹಳ ಹೊತ್ತು ಬರಿಯ ಗರಗರ.

ಮೂರನೆಯ ಇರುಳು ಹಗ್ಗ ಹಿಡಿದವನು ಹುಡುಗ.
ಅಂಗೈ ಸಿಪ್ಪೆಯೆದ್ದಿತ್ತು.
ಏಪ್ರಿಲಿನಲ್ಲಿ ಬಿಚ್ಚಿ ತೊಳೆದಾಗ, ಅಂದ,
ಆ ಕಂಬಿಯ ಮೇಲೆ ಒಂದು ಗೆರೆ ಕಂಡಿದ್ದೆ.
ಕೂದಲಷ್ಟು ಸಣ್ಣದು.
ಉಗುರಾಡಿಸಿದರೆ ಸಿಕ್ಕುತ್ತಿತ್ತು.
ಗ್ರೀಸು ಹಚ್ಚಿದೆ. ಆಮೇಲೆ ಕಾಣಲಿಲ್ಲ.

ಅವಳು ಮುಖ ತಿರುಗಿಸಲಿಲ್ಲ.
ದಿಕ್ಸೂಚಿಯ ಕೆಂಪು ಬೆಳಕಿನಲ್ಲಿ ಗದ್ದ ಮಾತ್ರ.
ಒಂದು ಅಲೆ ದಾಟಿತು. ಇನ್ನೊಂದು.
ಎಡಗಡೆ ಎರಡು ಮೊಳ ಸಡಿಲ ಬಿಡು, ಎಂದಳು.
ಬಿಟ್ಟ.
ಕತ್ತಲಲ್ಲೆಲ್ಲೋ ಬಕೆಟ್ಟು ಸರಿದದ್ದು
ಹಗ್ಗದಿಂದ ಕೈಗೆ ಗೊತ್ತಾಯಿತು.
ಮೂತಿ ಹೊರಳಲು ಹಿಡಿದ ಹೊತ್ತಿನಲ್ಲಿ
ಅವನು ಕಣ್ಣು ಮೂಗು ಎರಡನ್ನೂ
ತೋಳಿಗೆ ಒರೆಸಿಕೊಂಡಿದ್ದ.

ಬೆಳಗಿನಲ್ಲಿ ಪೀಕೊ ಬೆಟ್ಟದ ತುದಿ,
ಮೋಡದ ಮೇಲೆ, ಬುಡವೇ ಇಲ್ಲದೆ.
ಓರ್ತಾ ಬಂದರಿನ ಬಾಯಲ್ಲಿ
ಟ್ಯೂನಾ ದೋಣಿಯ ಅಮಾರು ಹಗ್ಗ ಎಸೆಯುತ್ತ ಕೂಗಿದ:
ಎಲ್ಲಿ ನಿಮ್ಮ ಚುಕ್ಕಾಣಿ?
ಹುಡುಗ ಎಳೆದು ಎಳೆದು ಎತ್ತಿ ತೋರಿಸಿದ.
ಹಿಡಿ ಇತ್ತು, ಸರಪಳಿ ಇತ್ತು, ಸುತ್ತಲಿನ ಗೋಡೆ ಇತ್ತು.
ತಳ ಯಾವಾಗಲೋ ಕಳಚಿ ಹೋಗಿತ್ತು.

ಇನ್ನು ಮೀನು ತೊಳೆಯುವುದು ಯಾವುದರಲ್ಲಿ,
ಎಂದಳು ಅತ್ತೆ.