ಹಂಗಾಮು

ಸವೆದ ಟೈರಿಗೆ ಮತ್ತೆ ಹಲ್ಲು ಮೂಡಿಸುವುದು ನನ್ನ ಕಸುಬು,
ಗಾಡಿಕೊಪ್ಪದ ತಿರುವಿನಲ್ಲಿ, ಇಪ್ಪತ್ತೆರಡು ವರ್ಷದಿಂದ.
ಹಲ್ಲೂ ಹಿಡಿಯದಷ್ಟು ಸವೆದವನ್ನು ಹಿತ್ತಿಲಿಗೆ ಉರುಳಿಸಿ
ಕೆಮ್ಮಣ್ಣು ತುಂಬುತ್ತೇನೆ. ಒಂದರಲ್ಲಿ ಹರಿವೆ,
ಒಂದರಲ್ಲಿ ಬಸಳೆ, ಒಂದರಲ್ಲಿ ದಾಕ್ಷಾಯಣಿಯ ದೊಡ್ಡಪತ್ರೆ.
ಎರಡು ಖಾಲಿ ಇದ್ದವು.

ಮಹಡಿಗೆ ಬಾಡಿಗೆ ಬಂದ ನರ್ಸು ಸನಾತೊಂಬಿ
ರಾತ್ರಿ ಪಾಳಿ ಮುಗಿಸಿ, ಮೆಟ್ಟಿಲ ಬುಡದಲ್ಲಿ ಚಪ್ಪಲಿ ಕಳಚುತ್ತ
ಕೇಳಿದಳು: ಅಂಕಲ್, ಇಲ್ಲಿ ಸಾಸಿವೆ ಸಿಗುತ್ತಾ?
ಸಂಜೆ ಗಾಂಧಿ ಬಜಾರಿನಿಂದ ಕಾಲು ಕೆಜಿ ತಂದುಕೊಟ್ಟೆ.
ಪೊಟ್ಟಣ ಬಿಚ್ಚಿದಳು. ನಕ್ಕಳು. ಬೆರಳ ತುದಿಯಿಂದ
ಮೊಣಕೈವರೆಗೆ ಅಳೆದು ತೋರಿಸಿದಳು:
ಇದರ ಎಲೆ ಅಂಕಲ್, ಎಲೆ.

ಎಲೆ!
ತಲೆತಲಾಂತರ ಸಾಸಿವೆ ತಿಂದ ಮನೆ ನಮ್ಮದು.
ಎಣ್ಣೆಯಲ್ಲಿ ಅದು ಸಿಡಿಯುವುದು ಗೊತ್ತು.
ಅವ್ವ ಮೂರು ಸಲ ನೀವಾಳಿಸಿ ಕೆಂಡಕ್ಕೆ ಎಸೆದರೆ
ಊರವರ ಕಣ್ಣೆಲ್ಲ ಚಟಪಟ ಒಡೆಯುವುದೂ ಗೊತ್ತು.
ಬೆಂಕಿಗೆ ಬೀಳುವ ಮೊದಲು
ಅದಕ್ಕೊಂದು ಹಸಿರು ಪ್ರಾಯವಿತ್ತೇ ಎಂದು
ನಾವ್ಯಾರೂ ವಿಚಾರಿಸಿರಲಿಲ್ಲ.

ಬೀಜ ಅವಳ ಹತ್ತಿರವೇ ಇತ್ತು,
ಮಾತ್ರೆ ಹಾಕುವ ಕಾಗದದ ಲಕೋಟೆಯಲ್ಲಿ,
ಮೇಲೆ 'ಊಟದ ನಂತರ' ಎಂದು ಗೀಟು.
ಇಂಫಾಲದ ಆಚೆಯ ಹಳ್ಳಿಯಿಂದ ಅವಳಮ್ಮ ಕಳಿಸಿದ್ದು,
ರಸ್ತೆಗಳು ಮುಚ್ಚುವ ಮುಂಚೆ.
ಹಂಗಾಂ, ಎಂದಳು, ಇದರ ಹೆಸರು.
ಹಂಗಾಮೇ? ದಾಕ್ಷಾಯಣಿಗೆ ಸೋಜಿಗ,
ನಮ್ಮಲ್ಲಿ ಹಾಗಂದರೆ ಬಿತ್ತುವ ಕಾಲ ಕಣೇ.
ದೀಪಾವಳಿ ಕಳೆದಿತ್ತು, ಇಬ್ಬನಿ ಶುರುವಾಗಿತ್ತು.
ಎರಡು ಮಾತೂ ಸರಿಹೋದವು.

ಮೂರನೇ ದಿನಕ್ಕೆ ಮೊಳಕೆ. ಒತ್ತೊತ್ತಾಗಿ ಬಂದದ್ದನ್ನು
ಕಿತ್ತು ಕಿತ್ತು, ಗೇಣಿಗೊಂದು ಉಳಿಸಿದಳು.
ಅವಳ ಕನ್ನಡ ವಾರ್ಡಿನಲ್ಲಿ ಕಲಿತದ್ದು,
ಗಿಡಕ್ಕೂ ಅದನ್ನೇ ಆಡುವಳು:
ನೋವು ಎಲ್ಲಿ? ರಾತ್ರಿ ನಿದ್ದೆ ಬಂತಾ?
ಉಸಿರು ಎಳೀರಿ. ಬಿಡಿ. ಸ್ವಲ್ಪ ಚುಚ್ಚುತ್ತೆ, ಅಷ್ಟೇ.
ನಾನು ಟಾರ್ಚು ಹಿಡಿದು
ಗ್ರೀಸಿನ ಡಬ್ಬಿಗೆ ಬಸವನಹುಳು ಹೆಕ್ಕುತ್ತಿದ್ದೆ,
ಹಂಡೆಯೊಲೆಯ ಬೂದಿ ಚಿಮುಕಿಸುತ್ತಿದ್ದೆ.
ನಲ್ಲಿನೀರು ದಿನ ಬಿಟ್ಟು ದಿನ.

ಆಮೇಲೊಂದು ಬೆಳಿಗ್ಗೆ ನೋಡುತ್ತೇನೆ,
ಆನೆಮರಿಯ ಕಿವಿಯಷ್ಟು ಅಗಲ! ನೇರಳೆ ನರ, ಸುಕ್ಕು ಅಂಚು,
ನಡುವೆ ನಿಂತ ಇಬ್ಬನಿಯಲ್ಲಿ ಎದುರುಮನೆಯ ಟ್ಯಾಂಕು ತಲೆಕೆಳಗು.
ಅವಳು ಫೋಟೋ ತೆಗೆದು ಅಮ್ಮನಿಗೆ ಕಳಿಸಿದಳು.
ಒಂದೇ ಗೀಟು ಬಂತು.
ಮಾರನೆಯ ದಿನವೂ ಒಂದೇ ಗೀಟು.
ನಾನು ಕೇಳಲಿಲ್ಲ. ನೋವು ಎಲ್ಲಿ ಎಂದು
ಕೇಳುವ ಕೆಲಸ ಅವಳದು, ನನ್ನದಲ್ಲ.

ದಾಕ್ಷಾಯಣಿ ತಂಬುಳಿ ಮಾಡಿದಳು, ಮಜ್ಜಿಗೆಯೇ ಬೆಚ್ಚಿತು.
ಕೊನೆಗೆ ಸನಾತೊಂಬಿ ತಾನೇ ಬೇಯಿಸಿದಳು,
ಬರೀ ನೀರು, ಉಪ್ಪು, ಎರಡು ಆಲೂಗಡ್ಡೆ.
ಇವಳು ಸುಮ್ಮನಿರಲಾರದೆ ಮೇಲೊಂದು ಒಗ್ಗರಣೆ ಸುರಿದಳು:
ಸೊಪ್ಪಿನ ಮೇಲೆ ಅದರ ತಾಯಿಯೇ ಸಿಡಿದಂತೆ.
ಮೊದಲ ತುತ್ತಿಗೇ ಘಾಟು ಮೂಗಿಗೇರಿ
ಮೂವರ ಕಣ್ಣಲ್ಲೂ ನೀರು.
ಸಾಸಿವೆ ಹಾಗೇ, ಎಂದಳು ದಾಕ್ಷಾಯಣಿ.
ನಮ್ಮಿಬ್ಬರದು ಬೇಗ ನಿಂತಿತು.

ಇನ್ನೊಂದು ಮಾತು, ಯಾರಿಗೂ ಹೇಳಿಲ್ಲ.
ಪಕ್ಕದ ಖಾಲಿ ಟೈರಿಗೆ ಅವತ್ತೇ ನಾನು
ಒಗ್ಗರಣೆ ಡಬ್ಬಿಯ ಒಂದು ಚಿಟಿಕೆ ಉದುರಿಸಿದ್ದೆ.
ಬಂತದು, ಬಡಕಲಾಗಿ, ಅವಸರದ ಹುಡುಗನ ಹಾಗೆ,
ಎಲೆ ಬಿಡುವುದರೊಳಗೆ ಹೂವು.
ಶಿವರಾತ್ರಿಯ ಬಿಸಿಲಿಗೆ ಅವಳದೂ ಕದಿರೆತ್ತಿತು.
ಎರಡೂ ಹಳದಿ. ಜೇನು ಇದರಿಂದ ಅದಕ್ಕೆ, ಅದರಿಂದ ಇದಕ್ಕೆ,
ಹೆಸರು ಕೇಳದೆ ಹಾರುತ್ತದೆ.

ಕಾಯಿ ಒಣಗಿದೆ ಈಗ. ಉಜ್ಜಿದರೆ ಅಂಗೈ ತುಂಬ ಕಾಳು,
ಯಾವುದು ಯಾರದೆಂದು ತಿಳಿಯುವುದಿಲ್ಲ.
ಲಕೋಟೆ ಹುಡುಕುತ್ತಿದ್ದೇನೆ.
ಮಹಡಿಯ ಮೇಲೆ ಫೋನು ಹೊಡೆದುಕೊಳ್ಳುತ್ತಿದೆ,
ಯಾರದೋ, ಬಹಳ ಹೊತ್ತಿನಿಂದ;
ಮೆಟ್ಟಿಲ ಬುಡದಲ್ಲಿ ಚಪ್ಪಲಿ ಇನ್ನೂ ಇಲ್ಲ.